ಮೂವತ್ತು ತಿಂಗಳು ಸಾಲದು

ಗ್ರಾಮ ಪಂಚಾಯಿತಿಗೆ ಹೆಣ್ಣುಮಗಳೊಬ್ಬಳು ಅಧ್ಯಕ್ಷೆಯಾದಳು ಎಂಬ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತು ಊರಿನಲ್ಲಿ ಓಡಾಡುತ್ತದೆ: "ಹೆಸರಿಗೆ ಆಯಮ್ಮ, ನಡೆಸೋದೆಲ್ಲ ಅವರ ಯಜಮಾನ್ರು." ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಪಂಚಾಯಿತಿ ಕಚೇರಿಗೆ ಖಾತೆಗೋ ನಲ್ಲಿ ಸಂಪರ್ಕಕ್ಕೋ ಅಲೆದವರಿಗೆ ಆ ದೃಶ್ಯ ಗೊತ್ತು. ಅಧ್ಯಕ್ಷರ ಮೇಜಿನ ಮಗ್ಗುಲಲ್ಲಿ ಇನ್ನೊಂದು ಕುರ್ಚಿ. ಅದರಲ್ಲಿ ಗಂಡ, ಇಲ್ಲವೇ ಮೈದುನ, ಇಲ್ಲವೇ ಬೆಳೆದ ಮಗ. ಪಿಡಿಒ ಮಾತಾಡುವುದು ಆ ಕುರ್ಚಿಯ ಕಡೆ ತಿರುಗಿ. ಕಾಮಗಾರಿ ಬಿಲ್ಲಿನ ಚರ್ಚೆಯೂ ಅಲ್ಲೇ. ಠರಾವು ಪುಸ್ತಕ ಮಾತ್ರ ಆಕೆಯ ಮುಂದೆ ಬರುತ್ತದೆ, ಸಹಿಗೆ.

ಇದನ್ನು ಕಂಡು ಕೆಲವರು ಮೀಸಲಾತಿಯೇ ದಂಡ ಎನ್ನುತ್ತಾರೆ. ಕೆಲವರು ಇಂದಲ್ಲ ನಾಳೆ ಸರಿಹೋದೀತು ಎಂದು ಸುಮ್ಮನಾಗುತ್ತಾರೆ. ಇಬ್ಬರ ಮಾತಿಗೂ ಪುರಾವೆ ಬೇಕು. ಬೇರೆ ಎಷ್ಟೋ ಸಾರ್ವಜನಿಕ ನೀತಿಗಳ ವಿಷಯದಲ್ಲಿ ನಮ್ಮ ಬಳಿ ಇರುವುದು ಬರೀ ಅಭಿಪ್ರಾಯ. ಪಂಚಾಯಿತಿಯ ಮಹಿಳಾ ಮೀಸಲಾತಿಯ ವಿಷಯದಲ್ಲಿ ಹಾಗಲ್ಲ. ಇಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಳೆದು ತೂಗಿದ ಅಧ್ಯಯನಗಳಿವೆ. ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಅವನ್ನು ಪಾಠವಾಗಿ ಓದಿಸುತ್ತಾರೆ. ಆದರೆ ಅವು ನಡೆದ ನಮ್ಮ ಹಳ್ಳಿಗಳಿಗೆ, ಕಾನೂನು ಮಾಡುವ ನಮ್ಮ ವಿಧಾನಸಭೆಗೆ ಅವುಗಳ ಸುದ್ದಿ ತಲುಪಿದ್ದು ಕಡಿಮೆ.

ಹೆಣ್ಣು ನಾಯಕಿಯಿಂದ ಊರಿಗೆ ಏನಾಯಿತು ಎಂದು ಅಳೆಯುವುದು ಮೇಲ್ನೋಟಕ್ಕೆ ಕಂಡಷ್ಟು ಸುಲಭವಲ್ಲ. ಮೀಸಲಾತಿ ಇಲ್ಲದೆಯೂ ಹೆಣ್ಣುಮಗಳನ್ನು ಗೆಲ್ಲಿಸಿದ ಊರು ಮೊದಲೇ ಬೇರೆ ಥರದ ಊರು. ಅಲ್ಲಿ ಓದಿದವರು ಹೆಚ್ಚಿರಬಹುದು, ಸ್ವಸಹಾಯ ಸಂಘಗಳು ಗಟ್ಟಿಯಾಗಿರಬಹುದು. ಅಲ್ಲಿ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದರೆ ಅದು ನಾಯಕಿಯ ಕೆಲಸವೋ, ಊರಿನ ಗುಣವೋ? ಈ ಗಂಟನ್ನು ಬಿಡಿಸಿಕೊಟ್ಟದ್ದು ನಮ್ಮ ಸಂವಿಧಾನದ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಅದು ಪಂಚಾಯಿತಿಗಳ ಸದಸ್ಯ ಸ್ಥಾನಗಳಲ್ಲಿ ಮಾತ್ರವಲ್ಲದೆ ಅಧ್ಯಕ್ಷ ಸ್ಥಾನಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಇರಬೇಕು, ಅದು ಸರದಿಯ ಮೇಲೆ ಊರಿಂದ ಊರಿಗೆ ಸುತ್ತಬೇಕು ಎಂದಿತು. ಪಶ್ಚಿಮ ಬಂಗಾಳ ಸರ್ಕಾರ ಇದಕ್ಕೊಂದು ಸರಳ ನಿಯಮ ಮಾಡಿತು: ಪಂಚಾಯಿತಿಗಳನ್ನು ಕ್ರಮಸಂಖ್ಯೆಯ ಪ್ರಕಾರ ಸಾಲಾಗಿ ಬರೆದು ಮೂರಕ್ಕೊಂದರಂತೆ ಗುರುತು ಹಾಕುವುದು. ಊರು ಶ್ರೀಮಂತವೋ ಬಡವೋ, ಅಲ್ಲಿ ಯಾರ ಕೈ ಮೇಲು, ಹೆಂಗಸರು ಚುರುಕೋ ಅಲ್ಲವೋ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಅಂದರೆ ಚೀಟಿ ಎತ್ತಿದ ಹಾಗೆ. ಮೀಸಲು ಬಂದ ಊರುಗಳನ್ನೂ ಬಾರದ ಊರುಗಳನ್ನೂ ಹೋಲಿಸಿದರೆ ಕಾಣುವ ವ್ಯತ್ಯಾಸಕ್ಕೆ ಕಾರಣ ಅಧ್ಯಕ್ಷೆಯ ಕುರ್ಚಿ ಎಂದು ಧೈರ್ಯವಾಗಿ ಹೇಳಬಹುದಾಯಿತು.

ಕೋಲ್ಕತ್ತದ ಐಐಎಂನ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಂಐಟಿಯ ಎಸ್ತರ್ ಡುಫ್ಲೊ ಇದನ್ನು ಹಿಡಿದು ಹೊರಟರು. ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಓದುಗರಿಗೆ ನೆನಪಿರಬಹುದು. ಶಾಂತಿನಿಕೇತನ ಇರುವ ಬೀರ್‌ಭೂಮ್ ಜಿಲ್ಲೆ ಹಾಗೂ ರಾಜಸ್ಥಾನದ ಉದಯಪುರ ಜಿಲ್ಲೆ, ಎರಡೂ ಸೇರಿ 265 ಪಂಚಾಯಿತಿಗಳು. ಬಾವಿ, ಬೋರ್‌ವೆಲ್, ರಸ್ತೆ, ಶಾಲೆ ಎಲ್ಲವನ್ನೂ ಊರೂರಿಗೆ ಹೋಗಿ ಎಣಿಸಿದರು. ಪಂಚಾಯಿತಿಗೆ ಗಂಡಸರು ತಂದ ದೂರು ಯಾವುವು, ಹೆಂಗಸರು ತಂದದ್ದು ಯಾವುವು ಎಂದು ಬೇರೆ ಬೇರೆ ಪಟ್ಟಿ ಮಾಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಬೀರ್‌ಭೂಮ್‌ನಲ್ಲಿ ಹೆಂಗಸರ ದೂರು ಮುಖ್ಯವಾಗಿ ಕುಡಿಯುವ ನೀರು ಮತ್ತು ರಸ್ತೆಯದು. ನೀರು ಹೊರುವವರು ಅವರು, ರಸ್ತೆ ಕಾಮಗಾರಿಯಲ್ಲಿ ಕೂಲಿ ಸಿಗುವುದೂ ಅವರಿಗೆ. ಮಹಿಳಾ ಮೀಸಲು ಬಂದ ಪಂಚಾಯಿತಿಗಳಲ್ಲಿ ಈ ಎರಡಕ್ಕೂ ಹೆಚ್ಚು ಹಣ ಹೋಗಿತ್ತು. ಉದಯಪುರದಲ್ಲಿ ಕೂಲಿ ಹುಡುಕಿ ಊರು ಬಿಟ್ಟು ಓಡಾಡುವವರು ಗಂಡಸರು. ಹಾಗಾಗಿ ರಸ್ತೆ ಕೇಳುವವರು ಅವರು, ನೀರು ಕೇಳುವವರು ಹೆಂಗಸರು. ಅಲ್ಲಿ ಮಹಿಳಾ ಮೀಸಲು ಪಂಚಾಯಿತಿಗಳು ನೀರಿಗೆ ಹೆಚ್ಚು, ರಸ್ತೆಗೆ ಕಡಿಮೆ ಖರ್ಚು ಮಾಡಿದ್ದವು.

ಎರಡು ಜಿಲ್ಲೆಗಳಲ್ಲಿ ರಸ್ತೆಯ ಲೆಕ್ಕ ತದ್ವಿರುದ್ಧವಾಗಿ ಬಂದದ್ದೇ ಈ ಅಧ್ಯಯನದ ಜೀವಾಳ. "ಹೆಂಗಸರಿಗೆ ಇಂಥದ್ದೇ ಇಷ್ಟ" ಎಂಬ ಸಾಮಾನ್ಯ ನಿಯಮ ಅಲ್ಲಿ ಇರಲಿಲ್ಲ. ಆಯಾ ಊರಿನ ಹೆಂಗಸರು ಏನು ಕೇಳುತ್ತಿದ್ದರೋ ಅದು ಅಲ್ಲಿನ ಕ್ರಿಯಾ ಯೋಜನೆಯೊಳಗೆ ಬಂದಿತ್ತು. ಇನ್ನು ಗಂಡನ ಕುರ್ಚಿಯ ವಿಷಯ. ಬೀರ್‌ಭೂಮ್‌ನ ಮಹಿಳಾ ಪ್ರಧಾನರು (ಪಂಚಾಯಿತಿ ಅಧ್ಯಕ್ಷರನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಗಂಡು ಪ್ರಧಾನರಿಗಿಂತ ಕಡಿಮೆ ಓದಿದ್ದರು, ರಾಜಕೀಯಕ್ಕೆ ಹೊಸಬರಾಗಿದ್ದರು, ಗಂಡನ ನೆರವು ಪಡೆಯುತ್ತೇವೆ ಎಂದು ಅನೇಕರು ತಾವೇ ಒಪ್ಪಿಕೊಂಡಿದ್ದರು. ಆದರೆ ಯೋಚಿಸಿ: ನಿಜವಾಗಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದವರು ಗಂಡಂದಿರೇ ಆಗಿದ್ದರೆ ಆ ಪಂಚಾಯಿತಿಗಳ ಖರ್ಚು ಪಕ್ಕದ ಊರಿನ ಗಂಡಸರ ಪಂಚಾಯಿತಿಯ ಖರ್ಚಿನಂತೆಯೇ ಇರಬೇಕಿತ್ತು. ಇರಲಿಲ್ಲ. ಮಗ್ಗುಲ ಕುರ್ಚಿಯಲ್ಲಿ ಯಾರೇ ಕೂತಿರಲಿ, ಆಕೆಯ ಮಾತು ಲೆಕ್ಕದ ಪುಸ್ತಕದೊಳಗೆ ಇಳಿದಿತ್ತು.

ಬಂಗಾಳದ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. 1993ರ ಚುನಾವಣೆಯಲ್ಲಿ ಅಲ್ಲಿ ಸದಸ್ಯ ಸ್ಥಾನಗಳಿಗಷ್ಟೇ ಮೀಸಲಾತಿ ಇತ್ತು. ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು ಬಂದರು, ಆದರೆ ಪ್ರಧಾನರಾದವರು ನೂರಕ್ಕೆ ಐವರ ಆಸುಪಾಸು. 1998ರಲ್ಲಿ ಪ್ರಧಾನ ಸ್ಥಾನಕ್ಕೂ ಮೀಸಲಾತಿ ತಂದ ಮೇಲಷ್ಟೇ ಚಿತ್ರ ಬದಲಾಯಿತು. ಒಳಗೆ ಬಿಟ್ಟರೆ ಸಾಕು, ಅರ್ಹತೆ ಇದ್ದರೆ ಮೇಲೇರುತ್ತಾರೆ ಎನ್ನುವವರು ಈ ಐದು ವರ್ಷಗಳನ್ನು ಗಮನಿಸಬೇಕು.

ಹೀಗೆ ಕೆಲಸ ಮಾಡಿದ ಹೆಂಗಸರಿಗೆ ಊರು ಏನು ಕೊಟ್ಟಿತು? ಇದಕ್ಕೆ ಉತ್ತರ ಸಿಕ್ಕಿದ್ದರಲ್ಲಿ ಬೆಂಗಳೂರಿನ ಪಾಲಿದೆ. ಇಲ್ಲಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಹಲವು ರಾಜ್ಯಗಳಲ್ಲಿ ಸಾರ್ವಜನಿಕ ಸೇವೆಗಳ ಬಗ್ಗೆ ದೊಡ್ಡ ಸಮೀಕ್ಷೆ ನಡೆಸಿತ್ತು. ಡುಫ್ಲೊ ಮತ್ತು ಪೆಟಿಯಾ ಟೋಪಲೋವಾ ಅದರ ಅಂಕಿಅಂಶಗಳನ್ನು ಮೀಸಲು ಪಂಚಾಯಿತಿಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಮಹಿಳಾ ಅಧ್ಯಕ್ಷೆಯರಿರುವ ಊರುಗಳಲ್ಲಿ ಕುಡಿಯುವ ನೀರಿನ ಸೌಲಭ್ಯ ಹೆಚ್ಚಿತ್ತು, ಗುಣಮಟ್ಟ ಕಡಿಮೆಯೇನೂ ಇರಲಿಲ್ಲ, ಜನ ಲಂಚ ಕೊಟ್ಟದ್ದು ಕಡಿಮೆ. ಹೀಗಿದ್ದೂ ಆ ಊರುಗಳ ಜನ ಹೆಚ್ಚು ಅತೃಪ್ತಿ ತೋಡಿಕೊಂಡಿದ್ದರು. ಹೆಚ್ಚು ಕೊಟ್ಟವಳಿಗೆ ಕಡಿಮೆ ಅಂಕ. ಈ ಸಾಲನ್ನು ಓದಿದಾಗ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ಯಾಕೆಂದರೆ ಅಧ್ಯಕ್ಷೆಯ ಬಗ್ಗೆ ಊರಿನಲ್ಲಿ ಹರಡುವ ಅಭಿಪ್ರಾಯ ಅವಳ ಕೆಲಸ ನೋಡಿ ಹುಟ್ಟಿದ್ದಲ್ಲ ಎಂದು ಅದು ಎದುರಿಗೇ ಹೇಳುತ್ತದೆ.

ಅಭಿಪ್ರಾಯ ಹಾಗಾದರೆ ಎಲ್ಲಿ ಹುಟ್ಟುತ್ತದೆ? ಅದನ್ನು ಹಿಡಿಯಲು ಇದೇ ತಂಡ, ಲೋರಿ ಬೀಮನ್ ಮತ್ತು ರೋಹಿಣಿ ಪಾಂಡೆ ಅವರನ್ನೂ ಕೂಡಿಕೊಂಡು, ಬೀರ್‌ಭೂಮ್‌ನಲ್ಲಿ ಒಂದು ಪ್ರಯೋಗ ಮಾಡಿತು. ಹಳ್ಳಿಗನೊಬ್ಬನ ದೂರಿಗೆ ಪ್ರಧಾನರು ಕೊಡುವ ಉತ್ತರವನ್ನು ಧ್ವನಿಮುದ್ರಿಸಿಕೊಂಡರು. ಮಾತು ಅಕ್ಷರಕ್ಷರ ಒಂದೇ, ಒಂದು ಗಂಡಿನ ದನಿಯಲ್ಲಿ, ಇನ್ನೊಂದು ಹೆಣ್ಣಿನ ದನಿಯಲ್ಲಿ. ಕೆಲವರಿಗೆ ಅದು, ಕೆಲವರಿಗೆ ಇದು ಕೇಳಿಸಿ, ಈ ಪ್ರಧಾನರು ಹೇಗೆ ಎಂದು ಅಂಕ ಕೇಳಿದರು. ಎಂದೂ ಮಹಿಳಾ ಪ್ರಧಾನರನ್ನು ಕಾಣದ ಊರುಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಹೆಣ್ಣಿನ ಆಡಳಿತ ಕಂಡಿದ್ದ ಊರುಗಳಲ್ಲಿ ಆ ಅಂತರ ಅಳಿಸಿಹೋಗಿತ್ತು. "ನಿಮಗೆ ನಾಯಕರಾಗಿ ಗಂಡಸು ಇಷ್ಟವೋ ಹೆಂಗಸೋ" ಎಂದು ನೇರವಾಗಿ ಕೇಳಿದರೆ ಆ ಊರುಗಳ ಗಂಡಸರು ಈಗಲೂ ಗಂಡಸೇ ಎನ್ನುತ್ತಿದ್ದರು. ಇಷ್ಟ ಬದಲಾಗಿರಲಿಲ್ಲ. ಹೆಣ್ಣಿನಿಂದ ಆಗದು ಎಂಬ ನಂಬಿಕೆ ಮಾತ್ರ ಸಡಿಲಗೊಂಡಿತ್ತು. ಅಷ್ಟರಿಂದಲೇ ಮತಪೆಟ್ಟಿಗೆಯಲ್ಲಿ ಫಲ ಕಂಡಿತು. ಎರಡು ಅವಧಿಗೆ ಮಹಿಳಾ ಮೀಸಲು ಇದ್ದ ಪಂಚಾಯಿತಿಗಳಲ್ಲಿ, ಮೀಸಲಾತಿ ಹೋದ ಮೇಲೂ ಹೆಚ್ಚು ಹೆಂಗಸರು ಚುನಾವಣೆಗೆ ನಿಂತರು, ಗೆದ್ದರು. ಒಂದೇ ಅವಧಿ ಇದ್ದಲ್ಲಿ ಆ ಬದಲಾವಣೆ ಗಟ್ಟಿಯಾಗಿ ಕಾಣಲಿಲ್ಲ.

ಎರಡು ಅವಧಿ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದು ಮತ್ತೆ ಬರುತ್ತದೆ. ಇದೇ ತಂಡ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ 495 ಹಳ್ಳಿಗಳಲ್ಲಿ 11ರಿಂದ 15 ವಯಸ್ಸಿನ 8,453 ಮಕ್ಕಳನ್ನು, ಅವರ ತಂದೆತಾಯಿಯರನ್ನು ಮಾತಾಡಿಸಿತ್ತು. ಮಗ ಎಷ್ಟು ಓದಬೇಕು, ಮಗಳು ಎಷ್ಟು ಓದಬೇಕು, ಮದುವೆ ಯಾವಾಗ, ಮುಂದೆ ಏನು ಕೆಲಸ ಎಂಬ ಪ್ರಶ್ನೆಗಳು. ಎರಡು ಅವಧಿಗೆ ಮಹಿಳಾ ಪ್ರಧಾನರನ್ನು ಕಂಡ ಹಳ್ಳಿಗಳಲ್ಲಿ, ಮಗ ಮತ್ತು ಮಗಳ ಬಗ್ಗೆ ತಂದೆತಾಯಿ ಇಟ್ಟುಕೊಂಡ ಆಸೆಗಳ ನಡುವಿನ ಅಂತರ ಶೇ 20ರಷ್ಟು ತಗ್ಗಿತ್ತು. ಮಕ್ಕಳು ತಮ್ಮ ಬಗ್ಗೆ ತಾವು ಕಾಣುವ ಕನಸಿನಲ್ಲಿ ಶೇ 32ರಷ್ಟು. ಓದಿನಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ ಅಂತರ ಇಲ್ಲವಾಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತು ಕಡಿಮೆಯಾಗಿತ್ತು. ಆ ಪ್ರಧಾನರು ಹೆಣ್ಣುಮಕ್ಕಳಿಗಾಗಿ ಬೇರೆ ಶಾಲೆ ಕಟ್ಟಿಸಿರಲಿಲ್ಲ. ಬೆಳೆಯುವ ಹುಡುಗಿಯ ಕಣ್ಣೆದುರು ಎರಡು ಅವಧಿ ಪಂಚಾಯಿತಿ ನಡೆಸಿದ್ದರು, ಅಷ್ಟೇ. ಪಕ್ಕದ ಓಣಿಯ ಹೆಂಗಸು ಬ್ಲಾಕ್ ಕಚೇರಿಯ ಅಧಿಕಾರಿಯ ಎದುರು ಕೂತು ಮಾತಾಡುವುದನ್ನು ದಿನಾ ನೋಡಿದ ಮನೆಯಲ್ಲಿ ಮಗಳ ಪುಸ್ತಕದ ಚೀಲ ಕಿತ್ತಿಡುವುದು ಸುಲಭವಾಗಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಮುಂಬೈ ಮಹಾನಗರಪಾಲಿಕೆಯ ವಾರ್ಡುಗಳನ್ನು ನೋಡಿದ ರಿಖಿಲ್ ಭಾವ್ನಾನಿ ಅವರೂ ಇಂಥದೇ ಮಾತು ಹೇಳಿದ್ದಾರೆ. 1997ರಲ್ಲಿ ಮಹಿಳೆಗೆ ಮೀಸಲಾಗಿ 2002ರಲ್ಲಿ ಸಾಮಾನ್ಯವಾದ ವಾರ್ಡುಗಳಲ್ಲಿ ಹೆಣ್ಣುಮಗಳು ಗೆಲ್ಲುವ ಸಾಧ್ಯತೆ ಉಳಿದ ವಾರ್ಡುಗಳ ಸುಮಾರು ಐದು ಪಟ್ಟು ಇತ್ತು. ಲಕ್ಷ್ಮಿ ಅಯ್ಯರ್ ಮತ್ತು ಜೊತೆಗಾರರ ಅಧ್ಯಯನ ಮೊದಲ ಓದಿಗೆ ಗಾಬರಿ ಹುಟ್ಟಿಸುವಂಥದ್ದು. ಪಂಚಾಯಿತಿ ಮೀಸಲಾತಿ ಜಾರಿಯಾದ ನಂತರ ರಾಜ್ಯಗಳಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ದಾಖಲೆ ಶೇ 40ಕ್ಕೂ ಹೆಚ್ಚು ಏರಿತು. ಅಪರಾಧ ಹೆಚ್ಚಿತೇ? ಅವರು ಹಲವು ದಿಕ್ಕಿನಿಂದ ಪರೀಕ್ಷಿಸಿ ಕಂಡುಕೊಂಡದ್ದು ಬೇರೆ: ಮುಚ್ಚಿಹೋಗುತ್ತಿದ್ದ ದೂರುಗಳು ಠಾಣೆಗೆ ಬರತೊಡಗಿದ್ದವು, ಪೊಲೀಸರು ಬರೆದುಕೊಳ್ಳತೊಡಗಿದ್ದರು. ಅಂಕಿ ಏರಿದ ಮಾತ್ರಕ್ಕೆ ಕೇಡಾಯಿತು ಎಂದು ಕೂಗುವ ಟಿವಿ ಚರ್ಚೆಗಳಿಗೆ ಇಂಥ ತಾಳ್ಮೆಯ ಕೆಲಸ ಬೇಕು.

ಇಷ್ಟೆಲ್ಲ ಬಂಗಾಳದ ಮಾತು, ಮುಂಬೈ ಮಾತು. ನಮ್ಮಲ್ಲಿ? ಇಲ್ಲಿ ಉತ್ತರ ಅಷ್ಟು ಸಿಹಿಯಾಗಿಲ್ಲ, ಅದನ್ನು ಮುಚ್ಚಿಡಬಾರದು. ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕ, ಆಂಧ್ರ, ಕೇರಳ, ತಮಿಳುನಾಡಿನ ಹಳ್ಳಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ದಕ್ಷಿಣದ ಮಹಿಳಾ ಅಧ್ಯಕ್ಷೆಯರು ಗಂಡಸರಿಗಿಂತ ಯಾವುದರಲ್ಲೂ ಕಡಿಮೆಯಿಲ್ಲ. ಆದರೆ ಬಂಗಾಳದಲ್ಲಿ ಕಂಡಂತೆ ಹೆಂಗಸರ ಬೇಡಿಕೆಗಳ ಕಡೆಗೆ ಪಂಚಾಯಿತಿಯ ಕೆಲಸ ವಾಲಿದ್ದೂ ಇಲ್ಲಿ ಕಾಣಲಿಲ್ಲ. ಎಲ್ಲಿ ಅಧ್ಯಕ್ಷೆ ಚೆನ್ನಾಗಿ ಕೆಲಸ ಮಾಡಿದಳು ಎಂದು ಹುಡುಕಿದಾಗ ಎರಡು ಅಂಶಗಳು ಎದ್ದು ಕಂಡವು. ಒಂದು, ಆಕೆಗೆ ರಾಜಕೀಯದ ಅನುಭವ ಇರಬೇಕು. ಇನ್ನೊಂದು, ಊರಿನ ಜಮೀನು ಮತ್ತು ಮಾತು ಮೇಲ್ಜಾತಿಯವರ ಹಿಡಿತದಲ್ಲಿ ಪೂರ್ತಿ ಇರಬಾರದು.

ಎರಡನೆಯದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಪಂಚಾಯಿತಿಯಲ್ಲಿ ಆಕೆ ಯಾರ ತೋಟದಲ್ಲಿ ಕೂಲಿ ಮಾಡುತ್ತಾಳೋ ಅದೇ ಮನೆಯವರು ಉಪಾಧ್ಯಕ್ಷರಾಗಿ ಪಕ್ಕದಲ್ಲಿ ಕೂತಿರುತ್ತಾರೆ. ಆಕೆ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ ಮರುದಿನ ಕೂಲಿಗೆ ಕರೆ ಬರುವುದಿಲ್ಲ. ಅಲ್ಲಿ ಗಂಡನನ್ನು ಕಚೇರಿಯಿಂದ ಹೊರಗಿಡಿ ಎಂಬ ಸುತ್ತೋಲೆ ಏನು ಮಾಡೀತು? ಹಾಗಿದ್ದೂ ಕುರ್ಚಿ ಸುಮ್ಮನೆ ಹೋಗುವುದಿಲ್ಲ. ದಕ್ಷಿಣದ ಇದೇ ರಾಜ್ಯಗಳನ್ನು ಕುರಿತು ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಮತ್ತಿತರರು ಮಾಡಿದ ಅಧ್ಯಯನದಲ್ಲಿ, ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದ ಕಡೆ ಪರಿಶಿಷ್ಟರ ಮನೆಗಳಿಗೆ ಶೌಚಾಲಯ, ವಿದ್ಯುತ್ತಿನಂಥ ಸೌಲಭ್ಯ ಹೆಚ್ಚು ತಲುಪಿದ್ದು ಕಂಡಿದೆ. ತಮಿಳುನಾಡಿನ ಗ್ರಾಮ ಸಭೆಗಳಲ್ಲಿ ಯಾರು ಮಾತಾಡಿದರು, ಯಾರಿಗೆ ಉತ್ತರ ಸಿಕ್ಕಿತು ಎಂದು ಮಾತುಗಳನ್ನೇ ಬರೆದಿಟ್ಟುಕೊಂಡು ನೋಡಿದ ಇನ್ನೊಂದು ಅಧ್ಯಯನವಿದೆ. ಹೆಂಗಸರು ಮಾತಾಡುವುದು ಕಡಿಮೆ, ಮಾತಾಡಿದರೂ ಅಧಿಕಾರಿಗಳಿಂದ ನೇರ ಉತ್ತರ ಸಿಗುವುದು ಇನ್ನೂ ಕಡಿಮೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಊರುಗಳಲ್ಲಿ ಅವರ ಮಾತಿಗೆ ಕಿವಿಗೊಡುವುದು ಹೆಚ್ಚು.

ಮೊದಲನೆಯ ಅಂಶ, ಅನುಭವ. ಆಂಧ್ರದ ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯ ವರದಿಗಳನ್ನು ಪರಿಶೀಲಿಸಿದ ಫರ್ಜಾನಾ ಆಫ್ರಿದಿ ಮತ್ತು ಜೊತೆಗಾರರು, ಮಹಿಳಾ ಮೀಸಲು ಪಂಚಾಯಿತಿಗಳಲ್ಲಿ ಆರಂಭದಲ್ಲಿ ಅವ್ಯವಹಾರ ಹೆಚ್ಚಿದ್ದುದನ್ನು ಕಂಡರು. ಹೊಸಬಳು, ಕಡತ ಗೊತ್ತಿಲ್ಲ, ನೌಕರರು ಹೇಳಿದಲ್ಲಿ ಸಹಿ. ಆದರೆ ತಿಂಗಳುಗಳು ಕಳೆದಂತೆ ಆ ಅಂತರ ಕರಗಿತು. ಅವರು ಕಲಿತರು. ಮೀಸಲಾತಿಯ ವಿರೋಧಿಗಳು ಈ ಅಧ್ಯಯನದ ಮೊದಲ ಅರ್ಧವನ್ನು, ಪರವಾಗಿರುವವರು ಎರಡನೇ ಅರ್ಧವನ್ನು ಹೇಳುತ್ತಾರೆ. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಪಾಠ ಒಂದೇ: ಕಲಿಯಲು ಸಮಯ ಕೊಡಿ.

ಈಗ ಕರ್ನಾಟಕದ ಕಾನೂನನ್ನು ನೋಡೋಣ. ಮಹಿಳಾ ಮೀಸಲಾತಿಯಲ್ಲಿ ನಾವು ದೇಶಕ್ಕಿಂತ ಮುಂದಿದ್ದವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನಗಳಿದ್ದವು, 1987ರಲ್ಲಿ ಚುನಾವಣೆಯೂ ನಡೆಯಿತು. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು ಹೆಂಗಸರಿಗೆ ಪಂಚಾಯಿತಿಯ ಬಾಗಿಲು ತೆರೆದರು. 2010ರಲ್ಲಿ ಆ ಪಾಲು ಶೇ 50 ಆಯಿತು. 2015ರ ತಿದ್ದುಪಡಿ ಇನ್ನೂ ಮುಂದೆ ಹೋಗಿ ಅಧ್ಯಕ್ಷರ ಅವಧಿಯನ್ನು ಪೂರ್ತಿ 5 ವರ್ಷಕ್ಕೆ ಏರಿಸಿತು. ಅದು ಸರಿಯಾದ ಹೆಜ್ಜೆಯಾಗಿತ್ತು. ಉಳಿಯಲಿಲ್ಲ. 2020ರ ಡಿಸೆಂಬರಿನ ಚುನಾವಣೆಯ ಹೊತ್ತಿಗೆ ಅವಧಿ ಮತ್ತೆ 30 ತಿಂಗಳಿಗೆ ಇಳಿದಿತ್ತು.

30 ತಿಂಗಳಲ್ಲಿ ಅಧ್ಯಕ್ಷೆಯ ಕೈಗೆ ಸಿಗುವುದು ಎರಡು ಕ್ರಿಯಾ ಯೋಜನೆ. ವಾರ್ಡ್ ಸಭೆ, ಗ್ರಾಮ ಸಭೆ, ಅನುಮೋದನೆ, ಕಾಮಗಾರಿ, ಅಳತೆ, ಬಿಲ್ಲು. ಈ ಸುತ್ತನ್ನು ಒಮ್ಮೆ ಪೂರ್ತಿ ಕಂಡು ಎರಡನೆಯದಕ್ಕೆ ಪ್ರಶ್ನೆ ಕೇಳಲು ಕಲಿಯುವಷ್ಟರಲ್ಲಿ ಮೀಸಲಾತಿ ಪಟ್ಟಿ ಬದಲಾಗಿ ಇಳಿಯುವ ದಿನ ಬರುತ್ತದೆ. ಅಷ್ಟಾದರೂ ಸಿಕ್ಕಿದರೆ ಪುಣ್ಯ. ಎಷ್ಟೋ ಕಡೆ ಸದಸ್ಯರು 'ಒಳ ಒಪ್ಪಂದ' ಮಾಡಿಕೊಂಡು 30 ತಿಂಗಳನ್ನೂ ಇಬ್ಬರಿಗೆ, ಮೂವರಿಗೆ ಹಂಚುತ್ತಾರೆ. ಒಪ್ಪಂದದಂತೆ ಅಧ್ಯಕ್ಷೆ ರಾಜೀನಾಮೆ ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಬಾರದ ವಾರ ಕಡಿಮೆ. ಹತ್ತು ಹದಿನೈದು ತಿಂಗಳ ಅಧ್ಯಕ್ಷೆ ಏನು ಕಲಿಯಬೇಕು? ಯಾವ ಹುಡುಗಿ ಅವಳನ್ನು ನೋಡಿ ತನ್ನ ಓದಿನ ಬಗ್ಗೆ ಆಸೆ ಕಟ್ಟಿಕೊಳ್ಳಬೇಕು? ಕಡತ ಗೊತ್ತಿರುವ ಗಂಡನಿಗೆ, ಬಲಿತ ಗುತ್ತಿಗೆದಾರನಿಗೆ, ಊರ ಗೌಡಿಕೆಗೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇರೆ ಇಲ್ಲ. ಅವಳಿಗೆ ಆಡಳಿತ ಬರುವುದಿಲ್ಲ ಎನ್ನುವ ನಾವೇ ಅವಳಿಗೆ ಆಡಳಿತ ಬಾರದ ಹಾಗೆ ಕಾನೂನು ಮಾಡಿಟ್ಟಿದ್ದೇವೆ.

ಅವಧಿ ಉದ್ದವಾದರೆ, ಮೀಸಲು ಒಂದೇ ಊರಿನಲ್ಲಿ ಎರಡು ಅವಧಿ ನಿಂತರೆ, ಉಳಿದ ಊರು ಮತ್ತು ಉಳಿದ ವರ್ಗಗಳು ಸರದಿಗೆ ಹೆಚ್ಚು ಕಾಯಬೇಕಾಗುತ್ತದೆ ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳಿದೆ, ವಿಶೇಷವಾಗಿ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಟ್ಟಿಗೆ. ಆದರೆ ಮಹಿಳಾ ಮೀಸಲು ಮೂರರಲ್ಲಿ ಒಂದಾಗಿದ್ದ ಕಾಲದಲ್ಲಿ ಈ ಆಕ್ಷೇಪಕ್ಕೆ ಇದ್ದ ತೂಕ, ಅದು ಎರಡರಲ್ಲಿ ಒಂದಾಗಿರುವ ಇಂದು ಇಲ್ಲ. ಎಲ್ಲರಿಗೂ ಚೂರುಚೂರು ಹಂಚಿ ಯಾರ ಕೈಯಲ್ಲೂ ಅಧಿಕಾರ ಬಲಿಯದಂತೆ ಮಾಡುವುದಕ್ಕಿಂತ, ತುಸು ತಡವಾಗಿಯಾದರೂ ನಿಜವಾದ ಅಧಿಕಾರ ಬರುವುದು ಮೇಲು ಎಂಬುದು ನನ್ನ ನಿಲುವು. 2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಾಗ, ಮೀಸಲು ಕ್ಷೇತ್ರಗಳು ಪ್ರತಿ ಚುನಾವಣೆಗೂ ಬದಲಾಗದೆ ಕ್ಷೇತ್ರ ಮರುವಿಂಗಡಣೆಯ ನಂತರವಷ್ಟೇ ಬದಲಾಗಲಿ ಎಂದು ಬರೆದಿದೆ. ಸಂಸದೆಗೆ, ಶಾಸಕಿಗೆ ನೆಲೆಯೂರಲು ಕಾಲ ಬೇಕು ಎಂದು ಒಪ್ಪಿಕೊಂಡವರು ಹಳ್ಳಿಯ ಅಧ್ಯಕ್ಷೆಗೆ ಬೇಡ ಎನ್ನುವುದು ಯಾವ ನ್ಯಾಯ?

ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅಧ್ಯಕ್ಷರ ಅವಧಿಯನ್ನು ಮತ್ತೆ 5 ವರ್ಷಕ್ಕೆ ತರಲು, ಒಂದು ಊರಿಗೆ ಬಂದ ಮಹಿಳಾ ಮೀಸಲನ್ನು ಎರಡು ಅವಧಿ ಅಲ್ಲೇ ಉಳಿಸಲು, ಒಳ ಒಪ್ಪಂದದ ರಾಜೀನಾಮೆಗಳಿಗೆ ತಡೆ ಹಾಕಲು ಖಜಾನೆಯಿಂದ ಒಂದು ರೂಪಾಯಿಯೂ ಬೇಕಿಲ್ಲ. ವಿಧಾನಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಸಾಕು. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಊರಿಗೆ ಬಂದಾಗ, ಚರಂಡಿ, ಸಿಸಿ ರಸ್ತೆಯ ಅಹವಾಲಿನ ಜೊತೆಗೆ ಇದನ್ನೂ ಕೇಳಿ.